ಯುಎಸ್‌ಬಿ ವೈ-ಫೈ ಅಡಾಪ್ಟರ್ ಸಿಕ್ಕಿಸಿದರೆ ಪಕ್ಕದ ಮನೆಯವರ ವಾಟ್ಸ್‌ಆ್ಯಪ್ ಕಾಣುತ್ತದೆಯೇ? ‘ಮಾನಿಟರ್ ಮೋಡ್’ ಅಡಾಪ್ಟರ್ ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

“ಈ ಚಿಕ್ಕ ಅಡಾಪ್ಟರನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಸಾಕು, ಸುತ್ತಮುತ್ತಲಿನ ಎಲ್ಲರ ಮೆಸೇಜ್, ಪಾಸ್‌ವರ್ಡ್, ಬ್ಯಾಂಕ್ ವಿವರ ನಿಮ್ಮ ಪರದೆಯ ಮೇಲೆ!” ಇಂತಹ ವಿಡಿಯೊ ಮತ್ತು ಫಾರ್ವರ್ಡ್‌ಗಳು ನಿಮ್ಮ ಫೋನಿಗೂ ಬಂದಿರಬಹುದು. ಇವುಗಳನ್ನು ನೋಡಿದವರು ಎರಡು ಗುಂಪಾಗುತ್ತಾರೆ. ಒಂದು ಗುಂಪು ಹೆದರಿ ಹತ್ತು ಜನರಿಗೆ ಕಳುಹಿಸುತ್ತದೆ. ಇನ್ನೊಂದು ಗುಂಪು ಕುತೂಹಲದಿಂದ ಆ ಅಡಾಪ್ಟರನ್ನೇ ಕೊಳ್ಳಲು ಹೊರಡುತ್ತದೆ. ಎರಡನೇ ಗುಂಪಿನಲ್ಲಿ ನೆಟ್‌ವರ್ಕಿಂಗ್ ಅಥವಾ ಸೈಬರ್ ಸುರಕ್ಷತೆ ಕಲಿಯುತ್ತಿರುವ ವಿದ್ಯಾರ್ಥಿಗಳೂ ಇರುತ್ತಾರೆ. ಅವರ ಅಗತ್ಯ ನಿಜವಾದದ್ದು, ಆದರೆ ಕೊಂಡ ವಸ್ತು ಕೆಲಸಕ್ಕೆ ಬಾರದೆ ಹೋಗುವುದೂ ಉಂಟು.

ಈ ಲೇಖನದಲ್ಲಿ ನಾವು ಎರಡೂ ಗುಂಪಿನವರಿಗೆ ಉತ್ತರ ಕೊಡುತ್ತೇವೆ. ಈ ಅಡಾಪ್ಟರ್‌ಗಳು ನಿಜವಾಗಿ ಏನು ಮಾಡುತ್ತವೆ, ಏನು ಮಾಡಲಾರವು, ಕಲಿಕೆಗೆ ಒಂದು ಬೇಕೇಬೇಕು ಎನ್ನುವವರು ಯಾವುದನ್ನು ನೋಡಿ ಆರಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಇಂತಹ ಅಡಾಪ್ಟರ್ ಗಾಳಿಯಲ್ಲಿ ಓಡಾಡುವ ವೈ-ಫೈ ಸಂಕೇತಗಳನ್ನು ಹಿಡಿಯುತ್ತದೆ ಎಂಬುದು ನಿಜ. ಆ ಸಂಕೇತಗಳೊಳಗಿನ ವಾಟ್ಸ್‌ಆ್ಯಪ್ ಸಂದೇಶವನ್ನು ಓದುತ್ತದೆ ಎಂಬುದು ಸುಳ್ಳು. ಹಿಡಿಯುವುದು ರೇಡಿಯೊ ಕೆಲಸ. ಓದಲು ಬೀಗದ ಕೀ ಬೇಕು. ಅಡಾಪ್ಟರ್ ಎಷ್ಟೇ ದುಬಾರಿಯಾದರೂ ಅದರ ಜೊತೆ ಆ ಕೀ ಬರುವುದಿಲ್ಲ.

ವೈ-ಫೈ ಟ್ರಾಫಿಕ್ ಹಿಡಿಯುವುದು ಎಂದರೇನು?

ವೈ-ಫೈ ಒಂದು ರೇಡಿಯೊ. ರೂಟರ್ ಕಳುಹಿಸುವ ಸಂಕೇತ ನಿಮ್ಮ ಫೋನಿಗೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಹತ್ತಿರದಲ್ಲಿರುವ ಎಲ್ಲ ಫೋನು, ಲ್ಯಾಪ್‌ಟಾಪ್, ಟಿವಿಗಳಿಗೂ ಅದು ತಲುಪುತ್ತದೆ. ಪ್ರತಿ ತುಣುಕಿನ ಮೇಲೂ ಅದು ಯಾರಿಗೆ ಸೇರಿದ್ದು ಎಂಬ ವಿಳಾಸ ಇರುತ್ತದೆ. ಈ ತುಣುಕಿಗೆ ‘ಫ್ರೇಮ್’ ಎನ್ನುತ್ತಾರೆ.

ಬಸ್ ನಿಲ್ದಾಣವನ್ನು ನೆನಪಿಸಿಕೊಳ್ಳಿ. ನೂರಾರು ಜನ ಮಾತಾಡುತ್ತಿರುತ್ತಾರೆ, ಕಂಡಕ್ಟರ್‌ಗಳು ಕೂಗುತ್ತಿರುತ್ತಾರೆ. ಎಲ್ಲ ಸದ್ದೂ ಕಿವಿಗೆ ಬೀಳುತ್ತದೆ, ಆದರೆ ನಮ್ಮ ಊರಿನ ಹೆಸರು ಕೇಳಿದಾಗ ಮಾತ್ರ ತಿರುಗಿ ನೋಡುತ್ತೇವೆ. ಸಾಮಾನ್ಯ ವೈ-ಫೈ ಅಡಾಪ್ಟರ್ ಮಾಡುವುದೂ ಇದನ್ನೇ. ತನ್ನ ವಿಳಾಸದ ಫ್ರೇಮ್ ಬಂದರೆ ಕಂಪ್ಯೂಟರ್‌ಗೆ ಕೊಡುತ್ತದೆ, ಉಳಿದದ್ದನ್ನು ಎಸೆಯುತ್ತದೆ. ಇದು ‘ಮ್ಯಾನೇಜ್ಡ್ ಮೋಡ್’.

‘ಮಾನಿಟರ್ ಮೋಡ್’ನಲ್ಲಿ ಅಡಾಪ್ಟರ್ ಯಾವ ನೆಟ್‌ವರ್ಕ್‌ಗೂ ಸೇರುವುದಿಲ್ಲ. ಒಂದು ಚಾನೆಲ್‌ನಲ್ಲಿ ಕುಳಿತು, ಯಾರದ್ದೇ ಆಗಲಿ, ತನಗೆ ಅರ್ಥವಾಗುವ ಎಲ್ಲ ಫ್ರೇಮ್‌ಗಳನ್ನೂ ಕಂಪ್ಯೂಟರ್‌ಗೆ ಒಪ್ಪಿಸುತ್ತದೆ. ವೈರ್‌ಶಾರ್ಕ್, ಕಿಸ್ಮೆಟ್‌ನಂತಹ ಉಚಿತ ತಂತ್ರಾಂಶಗಳು ಅವನ್ನು ಸಾಲಾಗಿ ತೋರಿಸುತ್ತವೆ. ವೈರ್‌ಶಾರ್ಕ್ ಹೊಸದೇನಲ್ಲ, 1998ರಲ್ಲಿ ‘ಎಥೀರಿಯಲ್’ ಎಂಬ ಹೆಸರಿನಲ್ಲಿ ಹೊರಬಂದು, 2006ರಲ್ಲಿ ಈಗಿನ ಹೆಸರು ಪಡೆಯಿತು. ಜಗತ್ತಿನಾದ್ಯಂತ ನೆಟ್‌ವರ್ಕ್ ಎಂಜಿನಿಯರ್‌ಗಳು ದಿನನಿತ್ಯ ಬಳಸುವ ಉಪಕರಣ ಇದು. ಅಂದರೆ ಫಾರ್ವರ್ಡ್‌ಗಳಲ್ಲಿ ಹೇಳುವ ‘ರಹಸ್ಯ ಹ್ಯಾಕರ್ ಸಾಧನ’ದಲ್ಲಿ ರಹಸ್ಯವೇನೂ ಇಲ್ಲ.

ಪರದೆಯ ಮೇಲೆ ಏನು ಕಾಣುತ್ತದೆ?

ಅಂಚೆ ಲಕೋಟೆಯ ಹೊರಮೈ ಎಂದುಕೊಳ್ಳಿ. ರೂಟರ್‌ಗಳ ಹೆಸರು, ಅವು ಯಾವ ಚಾನೆಲ್‌ನಲ್ಲಿವೆ, ಯಾವ ಬಗೆಯ ಭದ್ರತೆ ಇದೆ, ಯಾವ ವಿಳಾಸದ ಸಾಧನ ಯಾವ ರೂಟರ್ ಜೊತೆ ಮಾತಾಡುತ್ತಿದೆ, ಸಂಕೇತ ಎಷ್ಟು ಬಲವಾಗಿದೆ, ಎಷ್ಟು ದೊಡ್ಡ ಫ್ರೇಮ್ ಎಷ್ಟು ಹೊತ್ತಿಗೆ ಹೋಯಿತು – ಇವೆಲ್ಲ ಕಾಣುತ್ತವೆ. ಒಳಗಿನ ಪತ್ರ ಕಾಣುವುದಿಲ್ಲ.

ಒಳಗಿನ ಪತ್ರಕ್ಕೆ ಈಗ ಸಾಮಾನ್ಯವಾಗಿ ಎರಡು ಬೀಗ. ಮೊದಲನೆಯದು ವೈ-ಫೈನದೇ ಬೀಗ, ಅಂದರೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3. ಎರಡನೆಯದು ನೀವು ಬಳಸುವ ಆ್ಯಪ್ ಅಥವಾ ಜಾಲತಾಣದ ಬೀಗ, ಅಂದರೆ ಎಚ್‌ಟಿಟಿಪಿಎಸ್ ಅಥವಾ ವಾಟ್ಸ್‌ಆ್ಯಪ್‌ನ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್. ಮೊದಲ ಬೀಗ ತೆರೆದರೂ ಎರಡನೆಯದು ಹಾಗೇ ಇರುತ್ತದೆ.

ಹಾಗಾದರೆ ಈ ಭಯ ಎಲ್ಲಿಂದ ಬಂತು?

ಇದು ಹುಟ್ಟಾ ಸುಳ್ಳಲ್ಲ, ಹಳಸಿದ ಸತ್ಯ. ಆದ್ದರಿಂದಲೇ ಸುಲಭವಾಗಿ ನಂಬಿಕೆ ಹುಟ್ಟಿಸುತ್ತದೆ.

ವೈ-ಫೈನ ಮೊದಲ ಬೀಗ ‘ವೆಪ್’ ಎಷ್ಟು ದುರ್ಬಲ ಎಂಬುದನ್ನು ಸಂಶೋಧಕರು 2001ರಲ್ಲೇ ತೋರಿಸಿದ್ದರು. 2010ರ ಹೊತ್ತಿಗೂ ಅನೇಕ ಜಾಲತಾಣಗಳು ಲಾಗಿನ್ ಪುಟಕ್ಕೆ ಮಾತ್ರ ಎನ್‌ಕ್ರಿಪ್ಷನ್ ಬಳಸಿ, ಉಳಿದ ಪುಟಗಳನ್ನು ತೆರೆದೇ ಕಳುಹಿಸುತ್ತಿದ್ದವು. ಅದೇ ವರ್ಷ ಮೇ ತಿಂಗಳಲ್ಲಿ, ತನ್ನ ಸ್ಟ್ರೀಟ್ ವ್ಯೂ ಕಾರುಗಳು ಹಲವು ದೇಶಗಳ ಬೀದಿಗಳಲ್ಲಿ ಸಾಗುವಾಗ ಪಾಸ್‌ವರ್ಡ್ ಇಲ್ಲದ ವೈ-ಫೈಗಳಿಂದ ಬಳಕೆದಾರರ ಮಾಹಿತಿಯ ತುಣುಕುಗಳನ್ನು ಸಂಗ್ರಹಿಸಿದ್ದವು ಎಂದು ಗೂಗಲ್ ಒಪ್ಪಿಕೊಂಡಿತು. ಅಕ್ಟೋಬರ್‌ನಲ್ಲಿ ‘ಫೈರ್‌ಶೀಪ್’ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಬಂತು. ತೆರೆದ ವೈ-ಫೈನಲ್ಲಿ ಕುಳಿತ ಯಾರ ಫೇಸ್‌ಬುಕ್ ಖಾತೆಗಾದರೂ ಒಂದು ಕ್ಲಿಕ್‌ನಲ್ಲಿ ನುಗ್ಗಬಹುದು ಎಂದು ಅದು ತೋರಿಸಿಕೊಟ್ಟಿತು. ವಾಟ್ಸ್‌ಆ್ಯಪ್ ಕೂಡ ಆರಂಭದ ವರ್ಷಗಳಲ್ಲಿ, 2012ರವರೆಗೆ, ಸಂದೇಶಗಳನ್ನು ಎನ್‌ಕ್ರಿಪ್ಷನ್ ಇಲ್ಲದೆ ಕಳುಹಿಸುತ್ತಿತ್ತು.

ಆಮೇಲೆ ಚಿತ್ರ ಬದಲಾಯಿತು. ದೊಡ್ಡ ಜಾಲತಾಣಗಳೆಲ್ಲ ಎಚ್‌ಟಿಟಿಪಿಎಸ್‌ಗೆ ಬಂದವು. 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ಎಲ್ಲ ಸಂದೇಶ ಮತ್ತು ಕರೆಗಳಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ತಂದಿತು. 2018ರಲ್ಲಿ ಡಬ್ಲ್ಯುಪಿಎ3 ಬಂತು. ತಂತ್ರಜ್ಞಾನ ಮುಂದೆ ಹೋದರೂ ಹಳೆಯ ಎಚ್ಚರಿಕೆ ಮಾತ್ರ ಹೊಸ ಫೋಟೊ ಹಚ್ಚಿಕೊಂಡು ಸುತ್ತುತ್ತಲೇ ಇದೆ.

ಪಿಜಿ, ಹಾಸ್ಟೆಲ್ ವೈ-ಫೈ ಬಳಸುವವರು ಗಮನಿಸಿ

ಅಪಾಯವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಗೋಡೆಗೆ ಅಂಟಿಸಿದ ಒಂದೇ ಪಾಸ್‌ವರ್ಡನ್ನು ನಲವತ್ತು ಜನ ಬಳಸುವ ಪಿಜಿಯನ್ನು ತೆಗೆದುಕೊಳ್ಳಿ. ಅಲ್ಲಿ ಡಬ್ಲ್ಯುಪಿಎ2 ಇದ್ದರೆ, ಪಾಸ್‌ವರ್ಡ್ ಗೊತ್ತಿರುವ ವ್ಯಕ್ತಿ ನಿಮ್ಮ ಫೋನ್ ರೂಟರ್‌ಗೆ ಸೇರುವ ಕ್ಷಣದ ಫ್ರೇಮ್‌ಗಳನ್ನು ಹಿಡಿದರೆ ಮೊದಲ ಬೀಗವನ್ನು ತೆರೆಯಬಲ್ಲ. ಆಗ ನೀವು ಯಾವ ಜಾಲತಾಣಗಳಿಗೆ ಹೋದಿರಿ ಎಂಬ ಹೆಸರುಗಳು ಆತನಿಗೆ ಕಾಣಬಹುದು. ಅಲ್ಲಿ ಏನು ಓದಿದಿರಿ, ಏನು ಬರೆದಿರಿ ಎಂಬುದು ಎರಡನೇ ಬೀಗದ ಹಿಂದೆ ಇರುತ್ತದೆ. ಡಬ್ಲ್ಯುಪಿಎ3ಯಲ್ಲಿ ಪಾಸ್‌ವರ್ಡ್ ಗೊತ್ತಿದ್ದರೂ ಕೇವಲ ಕೇಳಿಸಿಕೊಂಡು ಇನ್ನೊಬ್ಬರ ಬೀಗ ತೆರೆಯಲಾಗದು.

ಪಾಸ್‌ವರ್ಡೇ ಇಲ್ಲದ ತೆರೆದ ವೈ-ಫೈನಲ್ಲಿ ಸಾಮಾನ್ಯವಾಗಿ ಮೊದಲ ಬೀಗ ಇರುವುದಿಲ್ಲ. ಅಲ್ಲಿ ಎರಡನೆಯದೇ ಗತಿ.

ಇದನ್ನು ತಿಳಿದಿರುವುದು ಏಕೆ ಮುಖ್ಯ? “ನಿನ್ನ ಮೆಸೇಜೆಲ್ಲ ವೈ-ಫೈಯಿಂದ ನನಗೆ ಸಿಕ್ಕಿವೆ” ಎಂದು ಯಾರಾದರೂ ಬೆದರಿಸಿದರೆ, ಆ ಮಾತನ್ನು ಹಾಗೇ ನಂಬಿ ಹಣ ಕೊಡುವ, ಅವರು ಹೇಳಿದಂತೆ ಕೇಳುವ ಅಗತ್ಯವಿಲ್ಲ. ನಿಮ್ಮ ಸಂದೇಶ ನಿಜಕ್ಕೂ ಅವರಿಗೆ ಸಿಕ್ಕಿದ್ದರೆ, ಬೇರೆ ದಾರಿಯಲ್ಲಿ ಸಿಕ್ಕಿರುವ ಸಾಧ್ಯತೆಯೇ ಹೆಚ್ಚು. ಬೇರೆಯವರ ಕಂಪ್ಯೂಟರ್‌ನಲ್ಲಿ ತೆರೆದು ಮರೆತ ವಾಟ್ಸ್‌ಆ್ಯಪ್ ವೆಬ್, ಯಾರಿಗೋ ಹೇಳಿದ ಒಟಿಪಿ, ಲಾಕ್ ಇಲ್ಲದ ಫೋನ್ ಅಥವಾ ಎಲ್ಲಿಂದಲೋ ಹಾಕಿಕೊಂಡ ಆ್ಯಪ್. ಮೊದಲು ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು, ಗುರುತಿಲ್ಲದ ಸಾಧನ ಇದ್ದರೆ ಅದರ ಫೋಟೊ ತೆಗೆದುಕೊಂಡು ಲಾಗ್ ಔಟ್ ಮಾಡಿ. ಬೆದರಿಕೆಯ ಸಂದೇಶವನ್ನು ಅಳಿಸಬೇಡಿ, ಅದು ಸಾಕ್ಷಿ. ಹತ್ತಿರದ ಸೈಬರ್ ಠಾಣೆಗೆ ದೂರು ಕೊಡಿ. ಹಣ ಕಳೆದುಕೊಂಡಿದ್ದರೆ ತಕ್ಷಣ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಂತಹ ಅಡಾಪ್ಟರ್ ಯಾರಿಗೆ ಬೇಕು?

ನೆಟ್‌ವರ್ಕ್ ಕಲಿಯುವವರಿಗೆ, ಪರೀಕ್ಷಿಸುವವರಿಗೆ, ದುರಸ್ತಿ ಮಾಡುವವರಿಗೆ. ವಿಡಿಯೊ ಕಾಲ್ ಪದೇಪದೇ ಕಡಿದುಹೋಗುವುದೇಕೆ, ಸಿಸಿಟಿವಿ ಕ್ಯಾಮೆರಾ ರೂಟರ್ ಜೊತೆ ಯಾಕೆ ಜಗಳವಾಡುತ್ತಿದೆ, ಹೊಸದಾಗಿ ಕೊಂಡ ಸ್ಮಾರ್ಟ್ ಬಲ್ಬ್ ಗಂಟೆಗೆ ಎಷ್ಟು ಬಾರಿ ಮಾತಾಡುತ್ತದೆ – ಇಂಥವನ್ನು ಮಾನಿಟರ್ ಮೋಡ್‌ನಲ್ಲಿ ನೋಡಿ ಪತ್ತೆಹಚ್ಚಬಹುದು.

ಮನೆಯಲ್ಲಿ ಯಾವ ಚಾನೆಲ್ ಖಾಲಿ ಇದೆ ಎಂದಷ್ಟೇ ನೋಡಲು ಏನನ್ನೂ ಕೊಳ್ಳಬೇಕಿಲ್ಲ. ಆಂಡ್ರಾಯ್ಡ್ ಫೋನಿನ ಒಂದು ಉಚಿತ ವೈ-ಫೈ ಅನಲೈಸರ್ ಆ್ಯಪ್ ಸಾಕು.

ಕೊಳ್ಳುವ ಮುನ್ನ: ನಿಮ್ಮಲ್ಲಿ ಈಗಾಗಲೇ ಇರಬಹುದು

ಅನೇಕ ಲ್ಯಾಪ್‌ಟಾಪ್‌ಗಳಲ್ಲಿರುವ ಇಂಟೆಲ್ ವೈ-ಫೈ ಕಾರ್ಡ್‌ಗಳು, ಉದಾಹರಣೆಗೆ ಎಎಕ್ಸ್200 ಮತ್ತು ಎಎಕ್ಸ್210, ಲಿನಕ್ಸ್‌ನಲ್ಲಿ ಮಾನಿಟರ್ ಮೋಡ್‌ಗೆ ಹೋಗಬಲ್ಲವು. ಆಪಲ್ ಮ್ಯಾಕ್‌ನಲ್ಲಿ ‘ವೈರ್‌ಲೆಸ್ ಡಯಾಗ್ನಾಸ್ಟಿಕ್ಸ್’ ಎಂಬ ಸವಲತ್ತಿನೊಳಗೆ ಸ್ನಿಫರ್ ಇದೆ. ವಿಂಡೋಸ್‌ನಲ್ಲಿ ಎನ್‌ಪಿಕ್ಯಾಪ್ ಎಂಬ ತಂತ್ರಾಂಶ ಕೆಲವು ಕಾರ್ಡ್‌ಗಳೊಂದಿಗೆ ಮಾತ್ರ ಇದನ್ನು ಮಾಡಬಲ್ಲದು. ಆದ್ದರಿಂದ ಕಲಿಕೆಗೆ ಲಿನಕ್ಸ್ ಸುಲಭದ ದಾರಿ.

ಲಿನಕ್ಸ್‌ನಲ್ಲಿ ‘ಐಡಬ್ಲ್ಯು ಲಿಸ್ಟ್’ ಆದೇಶ ಕೊಟ್ಟರೆ ನಿಮ್ಮ ಕಾರ್ಡ್‌ಗೆ ಬರುವ ಮೋಡ್‌ಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಮಾನಿಟರ್ ಎಂಬ ಪದ ಇದ್ದರೆ ಹಣ ಖರ್ಚು ಮಾಡುವ ಮೊದಲು ಅದನ್ನೇ ಪ್ರಯತ್ನಿಸಿ.

ಒಂದು ಸಂದರ್ಭದಲ್ಲಿ ಮಾತ್ರ ಹೊರಗಿನ ಯುಎಸ್‌ಬಿ ಅಡಾಪ್ಟರ್ ಬೇಕೇ ಬೇಕು. ಕಾಲಿ ಲಿನಕ್ಸನ್ನು ವರ್ಚುವಲ್ ಮಷೀನ್‌ನಲ್ಲಿ ಹಾಕಿಕೊಂಡವರಿಗೆ ಲ್ಯಾಪ್‌ಟಾಪ್‌ನ ಒಳಗಿನ ವೈ-ಫೈ ಕಾರ್ಡ್ ಒಂದು ಸಾಮಾನ್ಯ ತಂತಿ ಸಂಪರ್ಕದಂತೆ ಕಾಣುತ್ತದೆ, ವೈ-ಫೈ ಆಗಿ ಅಲ್ಲ. ಯುಎಸ್‌ಬಿ ಅಡಾಪ್ಟರನ್ನಾದರೆ ಇಡಿಯಾಗಿ ವರ್ಚುವಲ್ ಮಷೀನ್‌ಗೆ ಬಿಟ್ಟುಕೊಡಬಹುದು.

ಮೊದಲ ನಿಯಮ: ಡಬ್ಬಿಯ ಹೆಸರಲ್ಲ, ಒಳಗಿನ ಚಿಪ್ ನೋಡಿ

ಅಡಾಪ್ಟರ್ ಆಯ್ಕೆಯಲ್ಲಿ ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಮಾನಿಟರ್ ಮೋಡ್ ಸಿಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಬ್ರ್ಯಾಂಡ್ ಅಲ್ಲ, ಬೆಲೆಯಲ್ಲ. ಒಳಗಿನ ಚಿಪ್‌ಸೆಟ್ ಮತ್ತು ಅದಕ್ಕೆ ಇರುವ ಡ್ರೈವರ್. ಡ್ರೈವರ್ ಎಂದರೆ ಕಂಪ್ಯೂಟರ್ ಮತ್ತು ಚಿಪ್ ನಡುವಿನ ದುಭಾಷಿ. ಚಿಪ್‌ಗೆ ಸಾಮರ್ಥ್ಯವಿದ್ದರೂ ದುಭಾಷಿಗೆ ಆ ಮಾತು ಗೊತ್ತಿಲ್ಲದಿದ್ದರೆ ಕೆಲಸ ಆಗದು.

ಇದಕ್ಕೆ ಪ್ರಸಿದ್ಧ ಉದಾಹರಣೆ ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಎನ್722ಎನ್. ಇದರ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಚಿಪ್ ಇತ್ತು. ಲಿನಕ್ಸ್‌ನಲ್ಲಿ ಸಲೀಸಾಗಿ ಮಾನಿಟರ್ ಮೋಡ್‌ಗೆ ಹೋಗುತ್ತಿದ್ದುದರಿಂದ ಅದು ವಿದ್ಯಾರ್ಥಿಗಳ ಅಚ್ಚುಮೆಚ್ಚಿನದಾಯಿತು. ಎಷ್ಟೋ ಪಾಠಗಳಲ್ಲಿ, ವಿಡಿಯೊಗಳಲ್ಲಿ ಅದರ ಹೆಸರು ಸೇರಿಕೊಂಡಿತು. ಎರಡನೇ ಆವೃತ್ತಿಯಿಂದ ಅದೇ ಹೆಸರಿನ ಸಾಧನದೊಳಗೆ ರಿಯಲ್‌ಟೆಕ್ ಕಂಪನಿಯ ಬೇರೆಯೇ ಚಿಪ್ ಬಂತು. ಅದಕ್ಕೆ ಮಾನಿಟರ್ ಮೋಡ್ ಬೇಕೆಂದರೆ ಬೇರೆ ಡ್ರೈವರ್ ಹುಡುಕಿ ಹಾಕಬೇಕು. ಮನೆಯಲ್ಲಿ ಇಂಟರ್‌ನೆಟ್ ಬಳಸುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಹಳೆಯ ವಿಡಿಯೊ ನೋಡಿ, ಅದೇ ಮಾಡೆಲ್ ತಂದು, “ನನ್ನದು ಯಾಕೆ ಆಗುತ್ತಿಲ್ಲ” ಎಂದು ತಲೆ ಕೆಡಿಸಿಕೊಂಡ ಕಲಿಕೆಗಾರರು ಬಹಳ.

ಇದರಿಂದ ಕಲಿಯುವುದು ಇಷ್ಟೇ. ಆನ್‌ಲೈನ್ ಇರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿರಲಿ, ಮಾಡೆಲ್ ಸಂಖ್ಯೆಯ ಜೊತೆಗೆ ಆವೃತ್ತಿ ಸಂಖ್ಯೆಯನ್ನೂ ಕೇಳಿ. ಡಬ್ಬಿಯ ಮೇಲೆ ಅಥವಾ ಸಾಧನದ ಚೀಟಿಯ ಮೇಲೆ ‘ವರ್ಷನ್’ ಎಂದು ಅದು ಇರುತ್ತದೆ. ಮಾರುವವರಿಗೆ ಚಿಪ್ ಹೆಸರು ಹೇಳಲು ಆಗದಿದ್ದರೆ, ವಾಪಸ್ ತೆಗೆದುಕೊಳ್ಳುವ ಭರವಸೆ ಪಡೆದೇ ಹಣ ಕೊಡಿ.

ಯಾವ ಚಿಪ್‌ಗಳನ್ನು ಹುಡುಕಬೇಕು?

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಎದುರಾಗುವ ಐದು ಬಗೆಗಳು ಹೀಗಿವೆ.

• ಅಥೆರೋಸ್ ಎಆರ್9271: ಹಳೆಯದು, ನಂಬಿಕಸ್ತ. ಡ್ರೈವರ್ ಲಿನಕ್ಸ್‌ನೊಳಗೇ ಇದೆ. ಆದರೆ 2.4 ಗಿಗಾಹರ್ಟ್ಸ್ ಮಾತ್ರ, ವೈ-ಫೈ 4ರವರೆಗೆ ಮಾತ್ರ. ಆಲ್ಫಾ ಕಂಪನಿಯ ಎಡಬ್ಲ್ಯುಯುಎಸ್036ಎನ್‌ಎಚ್‌ಎ ಇದೇ ಚಿಪ್‌ನದು.

• ರಾಲಿಂಕ್ ಆರ್‌ಟಿ3070, ಆರ್‌ಟಿ5370, ಆರ್‌ಟಿ5572: ಇವಕ್ಕೂ ಡ್ರೈವರ್ ಲಿನಕ್ಸ್‌ನಲ್ಲಿದೆ. ಮೊದಲೆರಡು 2.4 ಗಿಗಾಹರ್ಟ್ಸ್‌ಗೆ ಮಾತ್ರ, ಆರ್‌ಟಿ5572 ಚಿಪ್ 5 ಗಿಗಾಹರ್ಟ್ಸ್ ಕೂಡ ಕೇಳುತ್ತದೆ. ಮೂರೂ ವೈ-ಫೈ 4 ತಲೆಮಾರು.

• ಮೀಡಿಯಾಟೆಕ್ ಎಂಟಿ7612ಯು: 2.4 ಮತ್ತು 5 ಗಿಗಾಹರ್ಟ್ಸ್ ಎರಡೂ, ವೈ-ಫೈ 5. 2018ರಲ್ಲಿ ಬಂದ ಲಿನಕ್ಸ್ ಕರ್ನಲ್ 4.19ರಿಂದ ಡ್ರೈವರ್ ಒಳಗೇ ಬರುತ್ತದೆ. ಆಲ್ಫಾ ಎಡಬ್ಲ್ಯುಯುಎಸ್036ಎಸಿಎಂ ಇದರ ಉದಾಹರಣೆ. ಹೊಸದಾಗಿ ಕಲಿಯುವವರಿಗೆ ನಾವು ಮೊದಲು ಹೇಳುವುದು ಇದನ್ನೇ.

• ಮೀಡಿಯಾಟೆಕ್ ಎಂಟಿ7921ಎಯು: 2.4, 5 ಮತ್ತು 6 ಗಿಗಾಹರ್ಟ್ಸ್, ವೈ-ಫೈ 6ಇ. ಕರ್ನಲ್ 5.18 ಅಥವಾ ಅದಕ್ಕಿಂತ ಹೊಸದು ಬೇಕು. ಹೊಸ ರೂಟರ್, ಹೊಸ ಫೋನ್‌ಗಳನ್ನು ಪರೀಕ್ಷಿಸುವವರಿಗೆ ಇದು ಸೂಕ್ತ.

• ರಿಯಲ್‌ಟೆಕ್ ಆರ್‌ಟಿಎಲ್8812ಎಯು: ಎರಡೂ ಬ್ಯಾಂಡ್, ವೈ-ಫೈ 5. ಚೆನ್ನಾಗಿಯೇ ಕೇಳಿಸಿಕೊಳ್ಳುತ್ತದೆ. ಆದರೆ ಇದರ ಡ್ರೈವರ್ ಬಹಳ ವರ್ಷ ಲಿನಕ್ಸ್‌ನ ಹೊರಗೇ ಇತ್ತು. ಹೊರಗಿನ ಡ್ರೈವರ್ ಎಂದರೆ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕಟ್ಟಬೇಕು. ಮೊದಲ ಸಲ ಲಿನಕ್ಸ್ ಮುಟ್ಟುವವರಿಗೆ ಇದು ತಲೆನೋವು.

ಒಂದು ಸಣ್ಣ ಗೊಂದಲ ಬಗೆಹರಿಸಿಬಿಡೋಣ. 2011ರಲ್ಲಿ ಅಥೆರೋಸನ್ನು ಕ್ವಾಲ್‌ಕಾಮ್ ಕೊಂಡಿತು, ರಾಲಿಂಕ್ ಮೀಡಿಯಾಟೆಕ್ ಪಾಲಾಯಿತು. ಹಾಗಾಗಿ ಒಂದೇ ಚಿಪ್ ಎರಡು ಕಂಪನಿಗಳ ಹೆಸರಿನಲ್ಲಿ ಕಂಡರೆ ಗಾಬರಿ ಬೇಡ. ಸಂಖ್ಯೆ ಸರಿ ಇದೆಯೇ ನೋಡಿ.

ಎರಡನೇ ನಿಯಮ: ಕಾಣದಿರುವುದು ಇಲ್ಲವೆಂದಲ್ಲ

ಮಾನಿಟರ್ ಮೋಡ್ ಎಂದರೆ ‘ಎಲ್ಲವೂ ಸಿಗುತ್ತದೆ’ ಎಂದಲ್ಲ. ಅಡಾಪ್ಟರ್‌ಗೆ ಅರ್ಥವಾಗುವುದು ಮಾತ್ರ ಸಿಗುತ್ತದೆ. ಇಲ್ಲಿ ಮೂರು ಮಿತಿಗಳಿವೆ.

ಮೊದಲನೆಯದು ಬ್ಯಾಂಡ್. ನಿಮ್ಮ ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತಿದ್ದರೆ, 2.4 ಗಿಗಾಹರ್ಟ್ಸ್ ಅಡಾಪ್ಟರ್ ಅದರ ಪಾಲಿಗೆ ಕಿವುಡು.

ಎರಡನೆಯದು ಚಾನೆಲ್. ಒಂದು ಅಡಾಪ್ಟರ್ ಒಂದು ಹೊತ್ತಿಗೆ ಒಂದೇ ಚಾನೆಲ್ ಕೇಳುತ್ತದೆ. ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತಾ ಕೇಳಿದರೆ ಎಲ್ಲ ರೂಟರ್‌ಗಳ ಹೆಸರು ಸಿಗುತ್ತದೆ, ಆದರೆ ಯಾರ ಮಾತೂ ಪೂರ್ತಿ ಸಿಗುವುದಿಲ್ಲ.

ಮೂರನೆಯದು ತಲೆಮಾರು ಮತ್ತು ಸ್ಟ್ರೀಮ್. ಈಗಿನ ಫೋನ್ ಮತ್ತು ರೂಟರ್‌ಗಳು ಸಾಮಾನ್ಯವಾಗಿ ಎರಡು ಸಮಾನಾಂತರ ಸ್ಟ್ರೀಮ್‌ಗಳಲ್ಲಿ ಮಾಹಿತಿ ಕಳುಹಿಸುತ್ತವೆ. ಒಂದೇ ಸ್ಟ್ರೀಮ್ ಅರಿಯುವ ಎಆರ್9271ನಂತಹ ಚಿಪ್‌ಗೆ ಆ ಫ್ರೇಮ್‌ಗಳು ಬಿಡಿಸಲಾಗದ ಸದ್ದು. ವೈ-ಫೈ 4 ಅಡಾಪ್ಟರ್‌ಗೆ ವೈ-ಫೈ 6ರ ಫ್ರೇಮ್‌ಗಳೂ ಹಾಗೆಯೇ.

ಇಲ್ಲೊಂದು ಬಲೆ ಇದೆ. ರೂಟರ್ ತನ್ನ ಹೆಸರು ಸಾರುವ ‘ಬೀಕನ್’ ಫ್ರೇಮನ್ನು ಹಳೆಯ, ನಿಧಾನದ ವೇಗದಲ್ಲೇ ಕಳುಹಿಸುತ್ತದೆ. ಆದ್ದರಿಂದ ಹಳೆಯ ಅಡಾಪ್ಟರ್‌ನಲ್ಲೂ ಅದು ಚೆನ್ನಾಗಿ ಕಾಣುತ್ತದೆ. ಹೆಸರು ಕಂಡಿತು, ಹಾಗಾಗಿ ಎಲ್ಲವೂ ಸಿಗುತ್ತಿದೆ ಎಂದು ಕಲಿಕೆಗಾರರು ನಂಬುತ್ತಾರೆ. ಪ್ರಾಜೆಕ್ಟ್ ವರದಿಯಲ್ಲಿ “ಈ ಕ್ಯಾಮೆರಾ ಯಾವ ಮಾಹಿತಿಯನ್ನೂ ಕಳುಹಿಸುತ್ತಿಲ್ಲ” ಎಂದು ಬರೆದರೆ, ನಿಜವಾಗಿ ಕಳುಹಿಸುತ್ತಿದ್ದದ್ದು ಕಿವಿಗೆ ಬಿದ್ದಿಲ್ಲದಿರಬಹುದು. ನೀವು ಪರೀಕ್ಷಿಸುವ ಸಾಧನ ಯಾವ ತಲೆಮಾರಿನದೋ ಅಡಾಪ್ಟರ್ ಕನಿಷ್ಠ ಅದೇ ತಲೆಮಾರಿನದಿರಬೇಕು.

ಮೂರನೇ ನಿಯಮ: ಉದ್ದ ಆಂಟೆನಾ, ಹೆಚ್ಚು ವ್ಯಾಟ್‌ಗೆ ಮರುಳಾಗಬೇಡಿ

“2000 ಮಿಲಿವ್ಯಾಟ್ ಹೈ ಪವರ್” ಎಂಬ ಜಾಹೀರಾತು ಕಂಡರೆ ಒಂದು ಮಾತು ನೆನಪಿಡಿ. ಅದು ಅಡಾಪ್ಟರ್‌ನ ಬಾಯಿಯ ಬಲ, ಕಿವಿಯದ್ದಲ್ಲ. ಗಟ್ಟಿಯಾಗಿ ಕೂಗುವವರಿಗೆ ಚೆನ್ನಾಗಿ ಕೇಳಿಸಬೇಕೆಂದೇನಿಲ್ಲ. ಟ್ರಾಫಿಕ್ ಹಿಡಿಯುವುದೆಂದರೆ ಸುಮ್ಮನೆ ಕೇಳಿಸಿಕೊಳ್ಳುವುದು. ಅಲ್ಲಿ ಕಳುಹಿಸುವ ಶಕ್ತಿಗೆ ಕೆಲಸವೇ ಇಲ್ಲ.

ಆಂಟೆನಾದ ‘ಡಿಬಿಐ’ ಸಂಖ್ಯೆಯೂ ಹಾಗೆಯೇ. ಆಂಟೆನಾ ಹೊಸ ಶಕ್ತಿ ಹುಟ್ಟಿಸುವುದಿಲ್ಲ, ಇರುವುದನ್ನು ಬೇರೆ ಆಕಾರಕ್ಕೆ ತರುತ್ತದೆ. ಚಪಾತಿ ಲಟ್ಟಿಸಿದಂತೆ: ಉಂಡೆ ಅಗಲವಾಗುತ್ತದೆ, ಆದರೆ ತೆಳುವಾಗುತ್ತದೆ. ಹಿಟ್ಟು ಅಷ್ಟೇ. 9 ಡಿಬಿಐನ ಉದ್ದ ಕಡ್ಡಿ ಆಂಟೆನಾ ಅದೇ ಮಟ್ಟದಲ್ಲಿ ದೂರದವರೆಗೆ ಕೇಳುತ್ತದೆ, ಮೇಲಿನ ಮತ್ತು ಕೆಳಗಿನ ಮಹಡಿಯ ಕಡೆ ಮಂಕಾಗುತ್ತದೆ. ಒಂದೇ ಕೋಣೆಯಲ್ಲಿ ಕುಳಿತು ನಿಮ್ಮ ರೂಟರನ್ನು ಪರೀಕ್ಷಿಸಲು ಸಾಮಾನ್ಯ ಆಂಟೆನಾ ಸಾಕು. ಬೇಕಾದಾಗ ಬದಲಿಸಲು ಬಿಚ್ಚಬಹುದಾದ ಆಂಟೆನಾ ಇದ್ದರೆ ಒಳ್ಳೆಯದು.

ಫೋನಿಗೆ ಒಟಿಜಿ ಕೇಬಲ್‌ನಲ್ಲಿ ಸಿಕ್ಕಿಸಿದರೆ ಆಗುತ್ತದೆಯೇ?

ಸಾಮಾನ್ಯ ಫೋನಿನಲ್ಲಿ ಆಗುವುದಿಲ್ಲ. ಅಡಾಪ್ಟರ್‌ನ ಡ್ರೈವರ್ ಫೋನಿನ ಕರ್ನಲ್‌ನಲ್ಲಿರಬೇಕು, ಜೊತೆಗೆ ಫೋನ್ ರೂಟ್ ಆಗಿರಬೇಕು. ಅಂಗಡಿಯಿಂದ ತಂದ ಫೋನಿನಲ್ಲಿ ಎರಡೂ ಇರುವುದಿಲ್ಲ. ರೂಟ್ ಮಾಡಿದರೆ ಫೋನಿನ ಭದ್ರತೆ ಸಡಿಲವಾಗುತ್ತದೆ, ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಕೆಲಸ ನಿಲ್ಲಿಸುತ್ತವೆ. “ಈ ಆ್ಯಪ್ ಹಾಕಿಕೊಳ್ಳಿ, ಎಲ್ಲರ ವೈ-ಫೈ ಹ್ಯಾಕ್ ಮಾಡಿ” ಎಂಬ ಲಿಂಕ್ ಬಂದರೆ, ಅಲ್ಲಿ ಹ್ಯಾಕ್ ಆಗುವುದು ನಿಮ್ಮದೇ ಫೋನ್ ಆಗಿರಬಹುದು.

ತಂದ ಮೇಲೆ ಹೀಗೆ ಪರೀಕ್ಷಿಸಿ

1. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಡಿ. ಅಡಾಪ್ಟರ್‌ನ ಗುರುತು ಸಂಖ್ಯೆ ಮತ್ತು ಸಾಮಾನ್ಯವಾಗಿ ಚಿಪ್‌ನ ಹೆಸರು ಕಾಣುತ್ತದೆ. ಹೇಳಿದ ಚಿಪ್ಪೇ ಬಂದಿದೆಯೇ ನೋಡಿ.

2. ‘ಐಡಬ್ಲ್ಯು ಲಿಸ್ಟ್’ನಲ್ಲಿ ಮಾನಿಟರ್ ಮೋಡ್ ಮತ್ತು ಬೇಕಾದ ಬ್ಯಾಂಡ್‌ಗಳಿವೆಯೇ ಖಚಿತಪಡಿಸಿಕೊಳ್ಳಿ.

3. ಅಡಾಪ್ಟರನ್ನು ನಿಮ್ಮದೇ ರೂಟರ್‌ನ ಚಾನೆಲ್‌ಗೆ ನಿಲ್ಲಿಸಿ, ಅದೇ ಕೋಣೆಯಲ್ಲಿ ಒಂದು ನಿಮಿಷ ಕೇಳಿಸಿ, ನಿಮ್ಮ ನೆಟ್‌ವರ್ಕ್ ಹೆಸರಿನ ಬೀಕನ್‌ಗಳನ್ನು ಎಣಿಸಿ. ಹೆಚ್ಚಿನ ರೂಟರ್‌ಗಳು 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ ಕಳುಹಿಸುತ್ತವೆ, ಅಂದರೆ ನಿಮಿಷಕ್ಕೆ ಸುಮಾರು 586. ಇದಕ್ಕೆ ಹತ್ತಿರದ ಸಂಖ್ಯೆ ಬಂದರೆ ಕಿವಿ ಚುರುಕಾಗಿದೆ. ಅರ್ಧವೂ ಬರದಿದ್ದರೆ ಚಾನೆಲ್, ಡ್ರೈವರ್ ಅಥವಾ ಅಡಾಪ್ಟರ್‌ನಲ್ಲಿ ತೊಂದರೆ ಇದೆ.

4. ಕೊನೆಗೆ ನಿಮ್ಮ ಫೋನಿನಲ್ಲಿ ಒಂದು ವಿಡಿಯೊ ಓಡಿಸಿ. ಡೇಟಾ ಫ್ರೇಮ್‌ಗಳ ಸಂಖ್ಯೆ ಜೋರಾಗಿ ಏರಬೇಕು. ಬೀಕನ್ ಮಾತ್ರ ಕಂಡು ಡೇಟಾ ಏರದಿದ್ದರೆ, ಮೇಲೆ ಹೇಳಿದ ತಲೆಮಾರಿನ ಬಲೆಯಲ್ಲಿ ನೀವಿದ್ದೀರಿ.

ಕಾನೂನು ಏನು ಹೇಳುತ್ತದೆ?

ನಿಮ್ಮದೇ ನೆಟ್‌ವರ್ಕ್‌ನಲ್ಲಿ, ನಿಮ್ಮದೇ ಸಾಧನಗಳ ಮೇಲೆ ಕಲಿಯಿರಿ. ಕಾಲೇಜು, ಕಚೇರಿಯ ನೆಟ್‌ವರ್ಕ್ ಆದರೆ ಲಿಖಿತ ಅನುಮತಿ ಪಡೆಯಿರಿ. ಅನುಮತಿಯಿಲ್ಲದೆ ಬೇರೆಯವರ ನೆಟ್‌ವರ್ಕ್‌ಗೆ ಪ್ರವೇಶಿಸುವುದು, ಅಲ್ಲಿಂದ ಮಾಹಿತಿ ನಕಲು ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 43ರ ಅಡಿ ಬರುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66ರ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. “ಸುಮ್ಮನೆ ಟ್ರೈ ಮಾಡಿದೆ” ಎಂಬ ಮಾತು ಪೊಲೀಸರ ಮುಂದೆ ನಿಲ್ಲುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪಕ್ಕದ ಮನೆಯ ಲಕೋಟೆಯ ಹೊರಮೈಯನ್ನಾದರೂ ಕೂಡಿಡುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ನಿಮ್ಮ ವೈ-ಫೈ ಕಾಪಾಡಿಕೊಳ್ಳಲು ಐದು ಕೆಲಸ

• ರೂಟರ್‌ನಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಡಬ್ಲ್ಯುಪಿಎ2. ವೆಪ್ ಇದ್ದರೆ ಇವತ್ತೇ ಬದಲಿಸಿ.

• ಪಾಸ್‌ವರ್ಡ್ ಉದ್ದವಾಗಿರಲಿ. ಡಬ್ಲ್ಯುಪಿಎ2ನಲ್ಲಿ ಫೋನ್ ಸೇರುವ ಕ್ಷಣದ ಫ್ರೇಮ್‌ಗಳನ್ನು ಹಿಡಿದವರು ಮನೆಯಲ್ಲಿ ಕುಳಿತು ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು. ಫೋನ್ ನಂಬರ್, ಮಗುವಿನ ಹೆಸರು, 12345678 ಇವೆಲ್ಲ ಬೇಗ ಸಿಕ್ಕಿಬೀಳುತ್ತವೆ. ಸಂಬಂಧವಿಲ್ಲದ ನಾಲ್ಕೈದು ಪದಗಳ ಸರಣಿ ಗಟ್ಟಿ.

• ಫೋನ್ ಮತ್ತು ರೂಟರ್ ಅಪ್‌ಡೇಟ್ ಮಾಡಿ. 2017ರಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೋಫ್ ಬಯಲಿಗೆಳೆದ ‘ಕ್ರ್ಯಾಕ್’ ದೋಷದಂತಹವು ಸರಿಹೋಗುವುದು ಅಪ್‌ಡೇಟ್‌ನಿಂದಲೇ.

• ಅತಿಥಿಗಳಿಗೆ ‘ಗೆಸ್ಟ್ ನೆಟ್‌ವರ್ಕ್’ ಕೊಡಿ.

• ಬ್ರೌಸರ್ “ಈ ಸಂಪರ್ಕ ಸುರಕ್ಷಿತವಲ್ಲ” ಎಂದು ಎಚ್ಚರಿಸಿದರೆ, ವಿಶೇಷವಾಗಿ ಸಾರ್ವಜನಿಕ ವೈ-ಫೈನಲ್ಲಿ, ಮುಂದುವರಿಯಬೇಡಿ. ಆ ಎಚ್ಚರಿಕೆ ಬಂದಿದೆ ಎಂದರೆ ಎರಡನೇ ಬೀಗದಲ್ಲಿ ಏನೋ ಸರಿಯಿಲ್ಲ ಎಂದರ್ಥ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಬಾರಿ ಇಂತಹ ವಿಡಿಯೊ ಬಂದಾಗ ಮೂರು ಪ್ರಶ್ನೆ ಕೇಳಿ. ಅದರಲ್ಲಿ ‘ಹಿಡಿಯುವುದು’ ಮತ್ತು ‘ಓದುವುದು’ ಎರಡನ್ನೂ ಒಂದೇ ಎಂಬಂತೆ ಹೇಳಿದ್ದಾರೆಯೇ? ಪರದೆಯ ಮೇಲೆ ತೋರಿಸಿದ ಪಾಸ್‌ವರ್ಡ್ ಈಗಿನ ಎಚ್‌ಟಿಟಿಪಿಎಸ್ ತಾಣದ್ದೇ, ಅಥವಾ ಪ್ರದರ್ಶನಕ್ಕೆಂದೇ ಕಟ್ಟಿದ ಬೀಗವಿಲ್ಲದ ಪುಟದ್ದೇ? ಕೊನೆಯಲ್ಲಿ ಏನನ್ನಾದರೂ ಮಾರುವ ಲಿಂಕ್ ಇದೆಯೇ?

ಒಟ್ಟಾರೆಯಾಗಿ ಹೇಳುವುದಾದರೆ, ಮಾನಿಟರ್ ಮೋಡ್ ಅಡಾಪ್ಟರ್ ಕಲಿಯುವವರ ಕೈಯಲ್ಲಿ ವೈದ್ಯರ ಸ್ಟೆತಾಸ್ಕೋಪ್‌ನಂತೆ. ಎದೆಬಡಿತ ಕೇಳಿಸುತ್ತದೆ, ಮನಸ್ಸಿನ ಮಾತು ಕೇಳಿಸುವುದಿಲ್ಲ. ಕೊಳ್ಳುವವರು ಚಿಪ್, ಆವೃತ್ತಿ ಮತ್ತು ಬ್ಯಾಂಡ್ ನೋಡಿ ಕೊಳ್ಳಿ. ಕೊಳ್ಳದವರು ಹೆದರಬೇಡಿ; ಲಿಂಕ್ಡ್ ಡಿವೈಸಸ್ ಒಮ್ಮೆ ನೋಡಿ, ರೂಟರ್ ಪಾಸ್‌ವರ್ಡ್ ಉದ್ದ ಮಾಡಿ. “ಎಲ್ಲರ ಮೆಸೇಜ್ ಕಾಣುತ್ತದೆ” ಎಂಬ ಫಾರ್ವರ್ಡ್ ಬಂದ ಗುಂಪಿಗೆ ಈ ಲೇಖನವನ್ನು ಕಳುಹಿಸಿ.